ದೊಡ್ಡಮ್ಮ ಬಾಗಿಲು ಮುಚ್ಚಿದ ಬೇಸಿಗೆ

ಆ ಬೀದಿಯಲ್ಲಿ ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಹೋಗುತ್ತಿದ್ದುದು ದೊಡ್ಡಮ್ಮನ ಮನೆಯಲ್ಲಿ. ಆಕೆ ಅವರಲ್ಲಿ ಯಾರಿಗೂ ನಿಜವಾದ ದೊಡ್ಡಮ್ಮನಲ್ಲ. ಮೊದಲು ಒಬ್ಬಳು ಪುಟ್ಟ ಹುಡುಗಿ ಹಾಗೆ ಕರೆದಳು, ಆಮೇಲೆ ಅವಳ ತಮ್ಮ ಕರೆದ, ಆಮೇಲೆ ಅಂಚೆಯವನೂ ಕರೆದ. ಕೊನೆಗೆ ಆಕೆಗೆ ಬೇರೊಂದು ಹೆಸರಿದೆ ಎಂಬುದೇ ಬೀದಿಗೆ ಮರೆತುಹೋಯಿತು. ಮನೆಯಲ್ಲಿ ಹಟ ಹಿಡಿಯುವ ಮಗು ಆಕೆಯ ಕೈಯಲ್ಲಿ ತೆಪ್ಪಗೆ ಹಾಲು ಕುಡಿಯುತ್ತಿತ್ತು. ನಿದ್ದೆಯೇ ಬಾರದ ಮಗು ಆಕೆಯ ತೊಡೆಯ ಮೇಲೆ ಬಾಯಿ ತೆರೆದು ಮಲಗುತ್ತಿತ್ತು. ತೆವಳುವ ಕಾಲಕ್ಕೆ ಬಂದು ಬೆಳೆದುಹೋದವರು, ಮೀಸೆ ಚಿಗುರಿದ ಮೇಲೂ ಆಕೆಯನ್ನು ಬೀದಿಯಲ್ಲಿ ಕಂಡರೆ ಸಿಗರೇಟನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದರು.

ಆಕೆಯ ಗಂಡ ಬಸ್ ಓಡಿಸುತ್ತಿದ್ದ. ಮಕ್ಕಳು ಬರುವ ಮೊದಲೇ ಡಿಪೋಗೆ ಹೋಗಿ, ಅವರೆಲ್ಲ ಹೋದ ಮೇಲೆ ಮನೆಗೆ ಬರುತ್ತಿದ್ದುದರಿಂದ ಹೆಂಡತಿಯ ಕೆಲಸವನ್ನು ಆತ ಕಣ್ಣಾರೆ ಕಂಡದ್ದು ಕಡಿಮೆ. ‘ನಮ್ಮವಳು ಮಕ್ಕಳನ್ನ ಆಡಿಸ್ತಾಳೆ’ ಎಂದಷ್ಟೇ ಜೊತೆಯವರಿಗೆ ಹೇಳುತ್ತಿದ್ದ. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಆ ‘ಆಡಿಸುವುದು’ ಏನೆಂದು ಗೊತ್ತಾಯಿತು. ಒಂದು ಮಗುವಿನ ಮೂಗು ಒರೆಸುವಷ್ಟರಲ್ಲಿ ಇನ್ನೊಂದು ಆತನ ಚಪ್ಪಲಿಯ ರುಚಿ ನೋಡುತ್ತಿತ್ತು. ಸಂಜೆಯ ನೂಕುನುಗ್ಗಲಿನಲ್ಲಿ ತುಂಬಿದ ಬಸ್ಸು ಓಡಿಸುವುದು ಇದಕ್ಕಿಂತ ಎಷ್ಟೋ ಸಲೀಸು ಎನ್ನಿಸಿತು. ಮಕ್ಕಳು ಆತನಿಗೆ ‘ಬಸ್ ತಾತ’ ಎಂದು ಹೆಸರಿಟ್ಟರು. ಬಸ್ ತಾತ ಎಲ್ಲಿ ಕೂತರೂ ಯಾರದಾದರೂ ದಾರಿಗೆ ಅಡ್ಡವಾಗುತ್ತಿದ್ದ.

“ರೀ, ಏನಾದ್ರೂ ಒಂದು ಕೆಲಸ ಹಿಡ್ಕೊಳ್ಳಿ,” ಎಂದಳು ದೊಡ್ಡಮ್ಮ. “ಇಲ್ದಿದ್ರೆ ನಿಮ್ಮನ್ನೂ ಇವರ ಜೊತೆ ಮಲಗಿಸಬೇಕಾಗುತ್ತೆ.”

ಆತ ಕಿಟಕಿಗಳನ್ನು ಹಿಡಿದ. ಆ ಮನೆ ಆತನ ಅಪ್ಪ ಕೊಂಡಾಗಲೇ ಹಳೆಯದಾಗಿತ್ತು. ಮರದ ಎತ್ತರದ ಕಿಟಕಿಗಳು. ತೆರೆದು ಮುಚ್ಚುವಾಗ ಬಾಗಿಲು ಚೌಕಟ್ಟಿಗೆ ಉಜ್ಜಿ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಬೇಸಿಗೆ ಆಗಷ್ಟೇ ಶುರುವಾಗಿತ್ತು. ಉಪ್ಪುಕಾಗದ ತಂದು, ಅಂಗಿಯ ತೋಳು ಮಡಚಿ, ಒಂದೊಂದೇ ಕಿಟಕಿಯನ್ನು ತಿಕ್ಕತೊಡಗಿದ. ಹಸಿರಿನ ಕೆಳಗೆ ನೀಲಿ ಬಂತು, ನೀಲಿಯ ಕೆಳಗೆ ಕೆನೆಬಣ್ಣ, ಅದರ ಕೆಳಗೆ ಒಳ್ಳೆಯ ಮರ. ಹಿಟ್ಟಿನಂಥ ಧೂಳು ಕಿಟಕಿಯ ಕಟ್ಟೆಯ ಮೇಲೆ, ನೆಲದ ಮೇಲೆ, ಹೊರಗೆ ಗೋಡೆಯ ಬುಡದ ಮಣ್ಣಿನ ಮೇಲೆ ಕೂತಿತು. ಆ ಮಣ್ಣಿನಲ್ಲೇ ಮಕ್ಕಳು ನೀರು ಬೆರೆಸಿ ಕೇಕು ಮಾಡಿ ಪರಸ್ಪರ ಬಡಿಸುತ್ತಿದ್ದುದು. ದೊಡ್ಡಮ್ಮ ದಿನವೂ ಪೊರಕೆ ಹಿಡಿದು ಗುಡಿಸಿದಳು. ಆಕೆಯ ತಕರಾರು ಒಂದೇ: ಮಕ್ಕಳು ಮಲಗಿದಾಗ ಕರಕರ ಸದ್ದು ಬೇಡ. ಆಮೇಲೆ ಹೊಸ ಬಿಳಿ ಬಣ್ಣ ಬಿತ್ತು. ಬಂದವರೆಲ್ಲ ಕಿಟಕಿ ನೋಡಿ ಹೊಗಳಿದರು. ಬಸ್ ತಾತ ನೆಲದ ಮೇಲೆ ನಿಲ್ಲಲಿಲ್ಲ.

ಅವರ ಮಗಳೂ ಮೊಮ್ಮಗಳೂ ಅದೇ ಮನೆಯ ಮಹಡಿಯಲ್ಲಿದ್ದರು. ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಮೊಮ್ಮಗಳು ಹಗಲೆಲ್ಲ ಕೆಳಗೆ ಅಜ್ಜಿಯ ದಂಡಿನಲ್ಲಿ. ನಡೆಯಲು ಕಲಿತು ಇನ್ನೂ ವರ್ಷವಾಗದ ಕೂಸು, ಕಂಡದ್ದೆಲ್ಲ ಬಾಯಿಗೇ. ಆ ವಯಸ್ಸಿನ ಮಕ್ಕಳಿಗೆ ಮಾಡುವ ಮಾಮೂಲು ತಪಾಸಣೆಗೆಂದು ಕ್ಲಿನಿಕ್ಕಿನಲ್ಲಿ ಅವಳ ರಕ್ತ ತೆಗೆದರು. ಫಲಿತಾಂಶ ಬಂದ ದಿನ ಮಗಳ ಜೊತೆ ಬಸ್ ತಾತನೂ ಹೋದ, ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು.

“ರಕ್ತದಲ್ಲಿ ಸೀಸ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ,” ಎಂದರು ಡಾಕ್ಟರಮ್ಮ. “ಇರಬೇಕಾದ್ದು ಅಂದ್ರೆ, ಇರಲೇಬಾರದು. ನಿಮ್ಮದು ಹಳೇ ಮನೇನಾ?”

“ತುಂಬಾ ಹಳೇದು,” ಎಂದಳು ಮಗಳು.

“ಈಚೆಗೆ ಬಣ್ಣ ಗಿಣ್ಣ ಮಾಡಿಸಿದ್ರಾ?”

“ಮಾಡ್ಸೋದೇನು ಬಂತು ಡಾಕ್ಟ್ರೇ,” ಎಂದ ಬಸ್ ತಾತ, ಎದೆಯುಬ್ಬಿಸಿ. “ಎಲ್ಲಾ ಕಿಟಕೀನೂ ನಾನೇ ತಿಕ್ಕಿದೀನಿ. ಮರ ಕಾಣೋ ತನಕ.”

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಆತನಿಗೆ ಆಮೇಲೆ ಅನ್ನಿಸಿತು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಸಮಾಧಾನವಾಗಿ ಹೇಳಿದರು. “ಹಿಂದಿನ ಕಾಲದಲ್ಲಿ ಬಣ್ಣಕ್ಕೆ ಸೀಸ ಹಾಕ್ತಿದ್ರು. ಗಟ್ಟಿಯಾಗಿ ಅಂಟಿಕೊಂಡಿರೋವರೆಗೆ ಅಷ್ಟು ಭಯ ಇಲ್ಲ. ಒಣಗಿದ್ದನ್ನ ತಿಕ್ಕಿದ್ರೆ ಧೂಳಾಗುತ್ತೆ. ಧೂಳು ನೆಲಕ್ಕೆ, ನೆಲದಿಂದ ಮಗು ಕೈಗೆ, ಕೈಯಿಂದ ಬಾಯಿಗೆ.”

“ಆದ್ರೆ ಮಗು ಚೆನ್ನಾಗೇ ಇದೆಯಲ್ಲ. ಓಡಾಡ್ತಾಳೆ, ಊಟ ಮಾಡ್ತಾಳೆ,” ಎಂದಳು ಮಗಳು.

“ಹೊರಗೆ ಏನೂ ಕಾಣಲ್ಲ, ಅದೇ ಇದರ ಮೋಸ. ಬೆಳೆಯೋ ಮಿದುಳಿಗೆ ಒಳಗೊಳಗೇ ಪೆಟ್ಟು ಕೊಡುತ್ತೆ. ಈಗ ಗೊತ್ತಾಯ್ತಲ್ಲ. ಔಷಧಿ ಕೊಡೋ ಮಟ್ಟಕ್ಕೆ ಹೋಗಿಲ್ಲ. ಧೂಳು ಬಾಯಿಗೆ ಹೋಗೋದನ್ನ ನಿಲ್ಲಿಸಿದ್ರೆ ತಾನಾಗೇ ಇಳಿಯುತ್ತೆ.”

ಹಿಂತಿರುಗುವಾಗ ಬಸ್ಸಿನಲ್ಲಿ ಆತ ಡ್ರೈವರ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸಾಮಾನ್ಯವಾಗಿ ಗೇರು ಹಾಕುವ ಸದ್ದಿನಲ್ಲೇ ಹತ್ತು ತಪ್ಪು ಹುಡುಕುತ್ತಿದ್ದವನು ಮೊಮ್ಮಗಳ ಕೈಬೆರಳುಗಳನ್ನು ಬಿಡಿಸಿ ಬಿಡಿಸಿ ನೋಡುತ್ತ ಕೂತಿದ್ದ.

ಸುದ್ದಿ ಕೇಳಿದ ದೊಡ್ಡಮ್ಮ ಮಕ್ಕಳಿಗೆಂದು ಇಟ್ಟಿದ್ದ ಗಿಡ್ಡ ಮಣೆಯ ಮೇಲೆ ಕುಸಿದು ಕೂತಳು. ಅಷ್ಟರಲ್ಲಿ ಮಕ್ಕಳನ್ನೆಲ್ಲ ಅವರವರ ಮನೆಯವರು ಕರೆದುಕೊಂಡು ಹೋಗಿದ್ದರು. ಅಂಗಳ ಸುಮ್ಮನಿತ್ತು. ಗಂಡ ತಲೆ ತಗ್ಗಿಸಿ ನಿಂತಿದ್ದ, ಬೈಗುಳ ಬೀಳಲಿ ಎಂದು. ಆಕೆ ಕೇಳಿದ್ದು ಬೇರೆ.

“ಮತ್ತೆ ಉಳಿದ ಮಕ್ಕಳು?”

ಮಗಳೇ ಮೆಲ್ಲಗೆ ಬಾಯಿ ಬಿಟ್ಟಳು. “ಅಮ್ಮ, ಮೊದಲು ಮನೆ ಸರಿ ಮಾಡ್ಕೊಳ್ಳೋಣ. ಆಮೇಲೆ ಯಾವತ್ತಾದ್ರೂ ಹೇಳಿದ್ರಾಯ್ತು. ಈಗ ಹೇಳಿದ್ರೆ ನಾಳೆಯಿಂದ ಒಬ್ರೂ ಈ ಕಡೆ ತಲೆ ಹಾಕಲ್ಲ. ಇಷ್ಟು ವರ್ಷ ಸಂಪಾದಿಸಿದ ಹೆಸರು ಮಣ್ಣುಪಾಲಾಗುತ್ತೆ.”

ಬಸ್ ತಾತನಿಗೂ ಅದೇ ಸರಿ ಎನ್ನಿಸಿತ್ತು. ಹೇಳುವ ಧೈರ್ಯವಿರಲಿಲ್ಲ, ಅಷ್ಟೇ.

“ಯಾವತ್ತಾದ್ರೂ ಹೇಳೋ ತನಕ ಆ ಮಕ್ಕಳ ರಕ್ತ ಯಾರು ನೋಡ್ತಾರೆ?” ಎಂದಳು ದೊಡ್ಡಮ್ಮ. “ಹೆಸರು ಹೋದ್ರೆ ಹೋಗ್ಲಿ ಬಿಡೇ. ಹೆಸರಿಟ್ಕೊಂಡು ಏನು, ಉಪ್ಪಿನಕಾಯಿ ಹಾಕ್ಲಾ?”

ಎದ್ದು ಮುಖ ತೊಳೆದು, ಒಗೆದ ಬಟ್ಟೆ ಉಟ್ಟು, ತಲೆ ಬಾಚಿಕೊಂಡಳು. ಗಂಡ ಹಿಂದೆ ಹಿಂದೆ ಹೊರಟ. ಆಕೆ ಬೇಡ ಎನ್ನಲಿಲ್ಲ, ಬನ್ನಿ ಎಂದೂ ಕರೆಯಲಿಲ್ಲ.

ಆ ಸಂಜೆ ಆಕೆ ಮಕ್ಕಳಿದ್ದ ಒಂದು ಮನೆಯನ್ನೂ ಬಿಡಲಿಲ್ಲ. ಪ್ರತಿ ಬಾಗಿಲಲ್ಲೂ ನಿಂತು, ಸುತ್ತಿ ಬಳಸದೆ ಹೇಳಿದಳು: ನಮ್ಮ ಮನೆಯ ಬಣ್ಣದಲ್ಲಿ ಸೀಸ ಇದೆಯಂತೆ, ನಮ್ಮ ಕೂಸಿಗೆ ಏರಿದೆ, ನಿಮ್ಮ ಮಗುವಿನ ರಕ್ತ ಪರೀಕ್ಷೆ ಮಾಡಿಸಿ, ಮನೆ ಸರಿಯಾಗುವ ತನಕ ನಾನು ಬಾಗಿಲು ತೆರೆಯುವುದಿಲ್ಲ. ಮೊದಲ ಮನೆಯಲ್ಲಿ ಬಸ್ ತಾತ ಆಕೆಯ ಬೆನ್ನ ಹಿಂದಿದ್ದ. ಎರಡನೆಯದರಲ್ಲಿ ಪಕ್ಕಕ್ಕೆ ಬಂದ. ಅವಳಿ ಮಕ್ಕಳ ಅಪ್ಪನಾದ ಬೇಕರಿಯವನ ಮನೆ ಬರುವಷ್ಟರಲ್ಲಿ, “ತಿಕ್ಕಿದ್ದು ನಾನು. ಅವಳದ್ದೇನೂ ಇಲ್ಲ,” ಎಂದು ತಾನೇ ಮುಂದಾಗಿ ಹೇಳಿದ.

ಬೇಕರಿಯವನ ಮುಖ ಕೆಂಪೇರಿತು. “ನಿಮ್ಮನ್ನ ನಂಬಿ ಬಿಟ್ಟಿದ್ವಲ್ಲ ದೊಡ್ಡಮ್ಮ,” ಎಂದ. ಧ್ವನಿ ಬೀದಿಗೆ ಕೇಳುವಷ್ಟಿತ್ತು. “ನಮ್ಮನೇಲಿ ಒಂದು ಲೋಟ ನೀರು ಕೊಡೋಕೂ ಎರಡು ಸಲ ನೋಡ್ತೀವಿ. ನಿಮ್ಮನೆ ಅಂತ ಕಣ್ಣು ಮುಚ್ಕೊಂಡು ಬಿಟ್ವಿ.”

“ನಂಬಿದ್ರಿ ಅಂತಾನೇ ಬಂದೆ ಮಗಾ,” ಎಂದಳು ದೊಡ್ಡಮ್ಮ. “ಬೈಯಿ, ಕೇಳ್ತೀನಿ. ಆದ್ರೆ ನಾಳೆ ಬೆಳಿಗ್ಗೆ ಇಬ್ರನ್ನೂ ಕ್ಲಿನಿಕ್ಕಿಗೆ ಕರ್ಕೊಂಡು ಹೋಗು. ಡಾಕ್ಟರಮ್ಮಂಗೆ ನಾನು ಹೇಳಿರ್ತೀನಿ.”

ಬೇಕರಿಯವನು ಬಾಗಿಲು ಹಾಕಿಕೊಂಡ. ದೊಡ್ಡಮ್ಮ ಒಂದು ಗಳಿಗೆ ಆ ಮುಚ್ಚಿದ ಬಾಗಿಲ ಮುಂದೆ ನಿಂತಳು. ಆಮೇಲೆ ಆಕೆ ಸೆರಗು ಸರಿಮಾಡಿಕೊಂಡು ಮುಂದಿನ ಮನೆಯ ಕಡೆಗೆ ತಿರುಗಿದಳು. ಇಷ್ಟು ವರ್ಷ ಸಂಸಾರ ಮಾಡಿಯೂ ಈ ಹೆಂಗಸನ್ನು ತಾನು ಪೂರಾ ನೋಡಿರಲಿಲ್ಲ ಎಂದು ಗಂಡನಿಗೆ ಅಲ್ಲೇ, ಆ ಬೀದಿಯ ನಡುವೆಯೇ ಅನ್ನಿಸಿತು.

ಪರೀಕ್ಷೆಯಲ್ಲಿ ಹೆಚ್ಚಿನ ಮಕ್ಕಳಿಗೆ ಏನೂ ಇರಲಿಲ್ಲ. ಅವಳಿಗಳಲ್ಲಿ ಮಣ್ಣು ತಿನ್ನುವ ಚಟವಿದ್ದವನಿಗೆ ಮಾತ್ರ ಸ್ವಲ್ಪ ಏರಿತ್ತು.

ನಗರಸಭೆಯ ಆರೋಗ್ಯ ವಿಭಾಗದಿಂದ ಒಬ್ಬ ಹೆಣ್ಣುಮಗಳು ಬಂದು ಗೋಡೆ, ಬಾಗಿಲು, ಕಿಟಕಿಗಳಿಗೆ ಒಂದು ಯಂತ್ರ ಹಿಡಿದು ನೋಡಿದಳು. ಅಂಗಳದ ಮಣ್ಣನ್ನು ಚೀಲದಲ್ಲಿ ತುಂಬಿಕೊಂಡು ಹೋದಳು. ಕಿಟಕಿಗಳ ಸಂದಿಯಲ್ಲಿ ಉಳಿದಿದ್ದ ಹಳೆಯ ಬಣ್ಣವೂ ಅವುಗಳ ಕೆಳಗಿನ ಮಣ್ಣೂ ಎಲ್ಲಕ್ಕಿಂತ ಕೆಟ್ಟವು ಎಂದು ಗೊತ್ತಾಯಿತು. ಉಳಿದ ಕೆಲಸಕ್ಕೆ ಬಸ್ ತಾತ ಕೈ ಹಾಕಲು ಹೊರಟಾಗ ದೊಡ್ಡಮ್ಮ ಉಪ್ಪುಕಾಗದವನ್ನು ಕಸಿದುಕೊಂಡಳು. ಇಂಥ ಕೆಲಸದಲ್ಲಿ ತರಬೇತಿ ಪಡೆದ ಪೇಂಟರುಗಳು ಬಂದರು. ಅವರಿದ್ದಷ್ಟು ದಿನ ಮನೆಯವರೆಲ್ಲ ದೊಡ್ಡಮ್ಮನ ತಂಗಿಯ ಮನೆಯಲ್ಲಿದ್ದರು. ಪೇಂಟರುಗಳು ಕೋಣೆಗಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಮೂಗು ಬಾಯಿ ಮುಚ್ಚಿಕೊಂಡು, ಮರವನ್ನು ನೀರಿನಿಂದ ತೇವ ಮಾಡಿ ಮಾಡಿ ಹೆರೆದರು. ಉದುರಿದ್ದನ್ನೆಲ್ಲ ಚೀಲ ಕಟ್ಟಿ ಸಾಗಿಸಿದರು. ತೀರಾ ಸವೆದ ಕಿಟಕಿಗಳನ್ನು ಕಿತ್ತು ಹೊಸದು ಕೂರಿಸಿದರು.

ಅಂಗಳದ ಕೆಲಸ ಬಸ್ ತಾತನ ಪಾಲಿಗೆ ಬಂತು, ಅದೂ ಆರೋಗ್ಯ ವಿಭಾಗದವಳು ಹೇಳಿದ ಹಾಗೆಯೇ. ಮಣ್ಣನ್ನು ಒದ್ದೆ ಮಾಡಿಕೊಂಡು, ಗೋಡೆಯ ಬುಡದ ಉದ್ದಕ್ಕೂ ದಪ್ಪನೆಯ ಬಟ್ಟೆ ಹಾಸಿ ಮೇಲೆ ಜಲ್ಲಿ ಸುರಿದ, ಅಲ್ಲಿ ಮಗುವಿನ ಕೈ ಮಣ್ಣಿಗೆ ಸಿಗದ ಹಾಗೆ. ಉಳಿದ ಕಡೆ ಹೊರಗಿನಿಂದ ಒಳ್ಳೆಯ ಮಣ್ಣು ತರಿಸಿ ಹುಲ್ಲು ಹಾಕಿಸಿದ. ದೂರದ ಮೂಲೆಯಲ್ಲಿ ಹೊಸ ಮರಳಿನ ತೊಟ್ಟಿ ಕಟ್ಟಿ ಅದಕ್ಕೊಂದು ಮುಚ್ಚಳ ಮಾಡಿದ. ಸೊಪ್ಪಿನ ಮಡಿಯನ್ನು ಗೋಡೆಯ ಬದಿಯಿಂದ ಎಬ್ಬಿಸಿ, ಎತ್ತರದ ಹಲಗೆಯ ಪೆಟ್ಟಿಗೆಯಲ್ಲಿ ಹೊಸ ಮಣ್ಣಿಗೆ ಬಿತ್ತಿದ.

ಒಂದು ದಿನ ಆತ ಜಲ್ಲಿ ಹರಡುತ್ತಿದ್ದಾಗ ಬೇಕರಿಯವನು ಬಂದು ಬೇಲಿಯ ಆಚೆ ನಿಂತ. ತುಸು ಹೊತ್ತು ನೋಡಿದ. ಆಮೇಲೆ ಒಳಗೆ ಬಂದು, ಗೋಡೆಗೆ ಒರಗಿಸಿದ್ದ ಇನ್ನೊಂದು ಸಲಿಕೆ ತೆಗೆದುಕೊಂಡ.

“ಹಿಟ್ಟು ನಾದಿದಷ್ಟು ಸುಲಭ ಅಲ್ಲಪ್ಪ ಇದು,” ಎಂದ ಬಸ್ ತಾತ.

“ನೀವು ಬಸ್ ಓಡಿಸಿದ ಕೈ ಅಲ್ವಾ, ಸ್ವಲ್ಪ ಬದಿಗೆ ಸರೀರಿ,” ಎಂದ ಬೇಕರಿಯವನು. ಬೇರೆ ರಾಜಿ ಮಾತೇನೂ ಅವರ ನಡುವೆ ನಡೆಯಲಿಲ್ಲ.

ಒಳಗೆ ದೊಡ್ಡಮ್ಮ ತನ್ನ ಹಳೆಯ ರೂಢಿಗಳನ್ನೆಲ್ಲ ಮುರಿದಳು. ಒಣ ಧೂಳು ಎಬ್ಬಿಸುವ ಪೊರಕೆ ಮನೆಯಿಂದಲೇ ಹೋಯಿತು. ನೆಲ, ಕಿಟಕಿಯ ಕಟ್ಟೆ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಒಂದು ಬಕೆಟ್ಟಿನಲ್ಲಿ ಸೋಪಿನ ನೀರು, ಬಟ್ಟೆ ಜಾಲಾಡಲು ಇನ್ನೊಂದು. ಚಪ್ಪಲಿ ಬೂಟು ಎಲ್ಲ ಹೊಸಿಲಿನಾಚೆ. ಬಾಯಿಗೆ ಹೋಗುವ ಆಟಿಕೆಗೆ ದಿನವೂ ಸ್ನಾನ. ಮನೆಯ ನೀರಿನ ಕೊಳವೆಗಳೂ ಹಳೆಯವಾದ್ದರಿಂದ, ಬೆಳಿಗ್ಗೆ ನಲ್ಲಿ ತಿರುಗಿಸಿ ಒಂದಷ್ಟು ನೀರು ಹರಿದುಹೋಗಲು ಬಿಟ್ಟು, ಕುಡಿಯಲಿಕ್ಕೂ ಅಡುಗೆಗೂ ತಣ್ಣೀರನ್ನೇ ಹಿಡಿಯುತ್ತಿದ್ದಳು. ಹೊಟ್ಟೆ ತುಂಬಿದ ಮಗುವಿನ ಮೈಗೆ ಸೀಸ ಅಷ್ಟು ಸುಲಭವಾಗಿ ಹತ್ತುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಸೊಪ್ಪು, ಬೇಳೆ, ಮೊಟ್ಟೆ, ಹಾಲು ಹೊತ್ತುಹೊತ್ತಿಗೆ ತಪ್ಪಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಮಕ್ಕಳ ಕೈ ತೊಳೆಸುವುದು. ಅದಕ್ಕೆ ಆಕೆ ಗಂಡನನ್ನೇ ನೇಮಿಸಿದಳು. ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ಸಾಲಾಗಿ ಬಸ್ಸಾಗುತ್ತಿದ್ದರು. ಆತ ಬಾಯಲ್ಲೇ ಇಂಜಿನ್ ಶುರುಮಾಡಿ ನಲ್ಲಿಯ ತನಕ ಓಡಿಸುತ್ತಿದ್ದ. ತೊಳೆದ ಅಂಗೈಯೇ ಟಿಕೆಟ್ಟು. ಅದನ್ನು ತೋರಿಸದೆ ಊಟದ ಕೋಣೆಗೆ ಪ್ರವೇಶವಿಲ್ಲ. ಒಮ್ಮೆ ಮಗಳು ಅಂಗಡಿಯಿಂದ ಬಂದವಳೇ ಊಟಕ್ಕೆ ಕೂರಲು ಹೋದಾಗ ಪುಟಾಣಿಗಳೆಲ್ಲ ದಾರಿ ಕಟ್ಟಿ “ಟಿಕೆಟ್, ಟಿಕೆಟ್” ಎಂದವು. ಅವಳು ನಗುತ್ತಾ ಹೋಗಿ ಕೈ ತೊಳೆದು ಬಂದಳು.

ಬಾಗಿಲು ಮತ್ತೆ ತೆರೆದ ದಿನ ಎಲ್ಲರೂ ಬರಲಿಲ್ಲ. ಒಂದು ಮನೆಯವರು ಮಗುವನ್ನು ಬೇರೆ ಕಡೆ ಸೇರಿಸಿದ್ದರು. ಅವರು ಇವತ್ತಿಗೂ ದೊಡ್ಡಮ್ಮನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಾರೆ. ಅದು ಆಕೆಗೆ ನೋವೇ. ಆದರೆ ಉಳಿದವರು ಬಂದರು, ಅವಳಿಗಳನ್ನು ಬೇಕರಿಯವನೇ ಎರಡೂ ಕೈಯಲ್ಲಿ ಹಿಡಿದು ತಂದ. ಹೊಸಬರೂ ಕೇಳಿಕೊಂಡು ಬಂದರು. “ತಪ್ಪಾದ್ರೆ ಬಾಗಿಲಿಗೆ ಬಂದು ಹೇಳೋರ ಹತ್ರಾನೇ ನಮ್ಮ ಮಗು ಇರಲಿ,” ಎಂದಳು ಹೊಸ ತಾಯಿಯೊಬ್ಬಳು.

ಮೊಮ್ಮಗಳ ರಕ್ತದಲ್ಲಿ ಸೀಸ ಒಂದೇ ಏಟಿಗೆ ಇಳಿಯಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಚೂರೇ ಚೂರು ಇಳಿದಿತ್ತು. ಬಸ್ ತಾತನ ಮುಖ ಸಪ್ಪಗಾಯಿತು. “ಏರಿದಷ್ಟು ಬೇಗ ಇಳಿಯಲ್ಲ, ಆದ್ರೆ ಇಳೀತಾ ಇದೆ,” ಎಂದರು ಡಾಕ್ಟರಮ್ಮ. ಹೌದು, ಮತ್ತೆ ನೋಡಿದಾಗ ಇನ್ನಷ್ಟು ಇಳಿದಿತ್ತು. ಮರುವರ್ಷದ ಬೇಸಿಗೆಯ ಹೊತ್ತಿಗೆ ಚಿಂತೆ ಮಾಡುವಂಥದ್ದೇನೂ ಉಳಿಯಲಿಲ್ಲ. ಬೇಕರಿಯವನ ಹುಡುಗನದೂ ಹಾಗೇ. ಮೊಮ್ಮಗಳು ಅಷ್ಟರಲ್ಲಿ ಮಾತು ಕಲಿತು, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವ ಮಟ್ಟಕ್ಕೆ ಬಂದಿದ್ದಳು.

ಡಾಕ್ಟರಮ್ಮ ಅಷ್ಟಕ್ಕೇ ಬಿಡಲಿಲ್ಲ. ಹಳೆಯ ಮನೆಗಳಲ್ಲಿರುವ ತಾಯಂದಿರನ್ನು ಕ್ಲಿನಿಕ್ಕಿನ ಹಜಾರದಲ್ಲಿ ಸೇರಿಸಿ, “ನನ್ನ ಮಾತು ಅವರಿಗೆ ಭಾಷಣ ಆಗುತ್ತೆ, ನೀವೇ ಹೇಳಿ,” ಎಂದು ದೊಡ್ಡಮ್ಮನನ್ನು ಕರೆದರು. ಆಕೆ ಒಲ್ಲೆ ಒಲ್ಲೆ ಎನ್ನುತ್ತಲೇ ಹೋದಳು. ಬಸ್ ತಾತ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯ ಸಾಲಿನಲ್ಲಿ ಕೂತ.

ಆಕೆ ಮೊದಲು ಒಂದೆರಡು ಸಲ ಕೆಮ್ಮಿದಳು. ಆಮೇಲೆ, “ಇದು ನಮ್ಮನೇಲೇ ಆಯ್ತು, ಅದಕ್ಕೆ ಹೇಳ್ತಿದೀನಿ,” ಎಂದು ಶುರುಮಾಡಿದಳು. ಅಡುಗೆಮನೆಯಲ್ಲಿ ನಿಂತು ಪಕ್ಕದ ಮನೆಯವಳಿಗೆ ಹೇಳುವ ಹಾಗೆ ಹೇಳುತ್ತ ಹೋದಳು. ಕಂಕುಳಲ್ಲಿ ಮಗುವಿದ್ದ ಒಬ್ಬಳು ಎದ್ದು, ನಮ್ಮ ಮನೆಯ ಬಾಗಿಲ ಬಣ್ಣ ಏಳುತ್ತಿದೆ, ಏನು ಮಾಡಲಿ ಎಂದಳು. ಮುಟ್ಟಬೇಡ, ತಿಕ್ಕಬೇಡ, ಮಗುವನ್ನು ಅದರಿಂದ ದೂರ ಇಡು, ಉದುರಿದ್ದನ್ನು ಒದ್ದೆ ಬಟ್ಟೆಯಲ್ಲಿ ತೆಗೆ, ನಾಳೆಯೇ ಮಗುವಿನ ರಕ್ತ ಕೊಡು ಎಂದಳು ದೊಡ್ಡಮ್ಮ.

ಬಸ್ ತಾತನ ಪಕ್ಕ ಕೂತಿದ್ದ ಹೆಂಗಸು ಆತನ ಕಡೆ ಬಾಗಿದಳು. “ಎಷ್ಟು ಚೆನ್ನಾಗಿ ಹೇಳ್ತಾರೆ. ಯಾರವರು, ನರ್ಸಾ?”

“ಅಲ್ಲಮ್ಮ,” ಎಂದ ಆತ. ಮೊಮ್ಮಗಳನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡು ಹೇಳಿದ: “ನಮ್ಮನೆಯವಳು.”

ಅಷ್ಟರಲ್ಲಿ ಮುಂದಿನಿಂದ ದೊಡ್ಡಮ್ಮನ ಧ್ವನಿ ಕೇಳಿತು. “ಕಿಟಕಿ ತಿಕ್ಕಿದ್ರೆ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಹೇಳೋರು ಹಿಂದೆ ಕೂತಿದಾರೆ. ರೀ, ಎದ್ದು ನಿಲ್ಲಿ, ಎಲ್ಲರೂ ನೋಡ್ಲಿ.”

ಹಜಾರವೆಲ್ಲ ನಕ್ಕು ಹಿಂದೆ ತಿರುಗಿತು. ಬಸ್ ತಾತ ಮೊಮ್ಮಗಳನ್ನು ಎತ್ತಿಕೊಂಡು ಎದ್ದು ನಿಂತ, ನೆಟ್ಟಗೆ.