ಬಿಸಿಲ ಮೆರವಣಿಗೆಯ ಮೈಕ್ ನನ್ನೇಸಾಬ

ಬಳ್ಳಾರಿಯಲ್ಲಿ ಯಾವ ಸಂಗತಿಯೇ ಆದರೂ ಎರಡು ಸಲ ನಡೆಯುತ್ತದೆ. ಮೊದಲು ಸುಮ್ಮನೆ ನಡೆಯುತ್ತದೆ; ಆಮೇಲೆ ನನ್ನೇಸಾಬ ಅದನ್ನು ಮೈಕಿನಲ್ಲಿ ಹೇಳುತ್ತಾನೆ. ಲೆಕ್ಕಕ್ಕೆ ಬರುವುದು ಎರಡನೆಯದು ಮಾತ್ರ ಎಂದು ಅವನ ನಂಬಿಕೆ. ಹದಿನಾರನೇ ವಯಸ್ಸಿಗೆ ಜಟಕಾ ಬಂಡಿಯಲ್ಲಿ ಕೂತು ಸಿನಿಮಾ ಕೂಗಿದವನು, ಈಗ ಐವತ್ತನಾಲ್ಕಕ್ಕೆ ಸ್ವಂತ ಆಟೋ, ಅದರ ತಲೆಯ ಮೇಲೆ ಎರಡು ಹಾರ್ನ್ ಸ್ಪೀಕರ್, ಜೇಬಿನಲ್ಲಿ ‘ಪ್ರಚಾರ ತಜ್ಞರು’ ಎಂದು ಅಚ್ಚು ಹಾಕಿಸಿದ ಕಾರ್ಡು. ಸೀರೆ ಮೇಳ, ಪೋಲಿಯೋ ಹನಿ, ಕಳೆದುಹೋದ ಎಮ್ಮೆ, ನಾಳೆ ನಲ್ಲಿ ನೀರು ಬರುವುದಿಲ್ಲ, ಎಲ್ಲವನ್ನೂ ಅವನು ಒಂದೇ ಗಾಂಭೀರ್ಯದಲ್ಲಿ ಹೇಳುತ್ತಾನೆ. ಚುನಾವಣೆಯಲ್ಲಿ ಬೆಳಿಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು. ಕೇಳಿದರೆ, “ಬಾಯಿ ನಂದು, ಮಾತು ಅವರದು” ಅನ್ನುತ್ತಾನೆ.

ಈ ದನಿಗೆ ಮಣಿಯದವಳು ಊರಲ್ಲಿ ಒಬ್ಬಳೇ, ಅವನ ಹೆಂಡತಿ ಹಮೀದಾಬಿ. ಜೀನ್ಸ್ ಹೊಲಿಯುವ ತಗಡಿನ ಶೆಡ್ಡೊಂದರಲ್ಲಿ ಅವಳಿಗೆ ದಾರ ಕತ್ತರಿಸುವ ಕೆಲಸ. ಮಗಳು ಸುಲ್ತಾನಾ ಅದೇ ಶೆಡ್ಡಿನಲ್ಲಿ ಮಿಷನ್ ಮೇಲೆ ಕೂರುತ್ತಾಳೆ. ಏಪ್ರಿಲ್ ಮೊದಲ ವಾರದಲ್ಲಿ ಎರಡು ಸಲ ಹಮೀದಾಬಿ ಕಣ್ಣು ಕತ್ತಲೆ ಬಂದು ಬಟ್ಟೆಯ ರಾಶಿಯ ಮೇಲೆ ಕೂತುಬಿಟ್ಟಿದ್ದಳು. ಮನೆಗೆ ಬಂದು ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದವಳನ್ನು ನೋಡಿ ನನ್ನೇಸಾಬ, “ಬಳ್ಳಾರ್‍ಯಾಗ ಹುಟ್ಟಿದಾಕಿ ಬಿಸಿಲಿಗೆ ಬೀಳ್ತಾಳಂದ್ರ ನಗ್ತಾರ ಮಂದಿ” ಎಂದ. ಇದು ಅವನೊಬ್ಬನ ಮಾತಲ್ಲ. ಬಿಸಿಲನ್ನು ನಮ್ಮೂರಿನವರು ಆಸ್ತಿಯ ಹಾಗೆ ಇಟ್ಟುಕೊಂಡಿದ್ದಾರೆ. ಬೇರೆ ಊರಿನಿಂದ ಬಂದ ನೆಂಟ ಬೆವರು ಒರೆಸಿಕೊಂಡರೆ ಮನೆಯವರ ಮುಖದಲ್ಲಿ ಒಂದು ಬೆಳಕು ಮೂಡುತ್ತದೆ.

ಆ ವಾರ ಜಿಲ್ಲಾ ಕಚೇರಿಯಿಂದ ನನ್ನೇಸಾಬನಿಗೆ ಒಂದು ಹಾಳೆ ಬಂತು. ಬಿಸಿಗಾಳಿಯ ಎಚ್ಚರಿಕೆಯನ್ನು ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಸಾರಬೇಕು. ಬರೆದವರು ಕಾಲೇಜಿನ ಮೇಷ್ಟ್ರು, ಜಾಗೃತಿ ಸಮಿತಿಯ ಸದಸ್ಯರು, ಶಶಿಕಾಂತ್. ‘ಜಾಗತಿಕ ತಾಪಮಾನ ಏರಿಕೆಯ ಹಿನ್ನೆಲೆಯಲ್ಲಿ ಉಷ್ಣ ಅಲೆಗಳ ತೀವ್ರತೆ ಹಾಗೂ ಪುನರಾವರ್ತನೆಯು ಹೆಚ್ಚುವ ಸಂಭವನೀಯತೆ ಇರುವುದರಿಂದ’ ಎಂದು ಶುರುವಾದ ವಾಕ್ಯ ಮುಗಿಯುವಷ್ಟರಲ್ಲಿ ಆಟೋ ಒಂದು ಓಣಿ ದಾಟಿ ಇನ್ನೊಂದರಲ್ಲಿರುತ್ತಿತ್ತು. ಯಾವ ಓಣಿಗೂ ಪೂರ್ತಿ ವಾಕ್ಯ ಸಿಗಲಿಲ್ಲ.

ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯಲು ಇಳಿದಾಗ, ಗೊಬ್ಬರದಂಗಡಿ ಮರಿಬಸಪ್ಪ ಕೈ ಅಡ್ಡ ಹಿಡಿದ.

“ಏನಲೇ ಸಾಬ, ಏನೋ ಒಂದೂವರೆ ಡಿಗ್ರಿ ಅಂತ ಒದರಿದ್ಯಲ್ಲ. ಒಂದೂವರೆ ಡಿಗ್ರಿ ಅಂದ್ರ ಎಷ್ಟಪಾ?”

“ಜಗತ್ತಿಂದು ಸರಾಸರಿ ಅಂತ್ರಿ.”

“ಜಗತ್ತಿನ ಸರಾಸರಿ ತಗೊಂಡು ಸಿರುಗುಪ್ಪದಾಗ ಏನ್ ಮಾಡ್ಲಿ? ಈ ಚಾ ಊದಿದ್ರ ಅದಕ್ಕಿಂತ ಜಾಸ್ತಿ ಆರ್ತೈತಿ ನೋಡು!”

ಅಂಗಡಿಯೆಲ್ಲ ನಕ್ಕಿತು. ಬಿಸಿಲಿಗೂ ಸರ್ಕಾರದ ನೋಟೀಸು ಬಂತೇ ಎಂದು ಒಬ್ಬ, ಇದೆಲ್ಲ ಏಸಿ ಮಾರುವವರ ಆಟ ಎಂದು ಇನ್ನೊಬ್ಬ. ಮೂಲೆಯಲ್ಲಿದ್ದ ಮುದುಕನೊಬ್ಬ ಮಾತ್ರ, “ಹೋದ ವಾರ ನಮ್ಮ ಓಣ್ಯಾಗ ಇಬ್ರು ಹೋದ್ರಪಾ” ಎಂದ. ವಯಸ್ಸಾಗಿತ್ತೇನೋ ಎಂದರು. ಒಬ್ಬನಿಗೆ ನಲವತ್ತು ಎಂದು ಮುದುಕ ಹೇಳುವಷ್ಟರಲ್ಲಿ ಮಾತು ಕ್ರಿಕೆಟ್ಟಿಗೆ ಹೊರಳಿತ್ತು.

ನನ್ನೇಸಾಬನಿಗೆ ಅವಮಾನವಾಯಿತು. ಬಿಸಿಲಿನ ಚಿಂತೆ ಅವನಿಗಿರಲಿಲ್ಲ. ತಾನು ಹೇಳಿದ್ದನ್ನು ಜನ ನಕ್ಕು ಬಿಟ್ಟರಲ್ಲ ಎಂಬುದೇ ನೋವು. ಮರುದಿನ ಕುರುಗೋಡಿಗೆ ಹೋದವನು ಹಾಳೆಯನ್ನು ಸೀಟಿನ ಕೆಳಗೆ ತುರುಕಿದ. ಮೈಕ್ ಹಿಡಿದು ತನ್ನದೇ ಮಾತು ಹೇಳಿದ:

“ಕುರುಗೋಡಿನ ಮಹಾಜನರೇ, ನಮ್ಮ ಬಿಸಿಲು ನಮಗ ಗೊತ್ತೈತಿ. ಆದ್ರ ಇದು ಆ ಬಿಸಿಲು ಅಲ್ಲ. ಹಳೇ ಬಿಸಿಲು ಸಂಜಿಗೆ ಎದ್ದು ಹೋಗ್ತಿತ್ತು. ಇದು ನಮ್ಮ ಮನ್ಯಾಗ ಉಳ್ಕೊಳ್ಳಾಕ ಬಂದೈತಿ. ಹನ್ನೊಂದರಿಂದ ನಾಕರ ತನಕ ಹೊರಗ ಬರಬ್ಯಾಡ್ರಿ. ಮುದುಕರನ್ನ, ಬಾಣಂತ್ಯಾರನ್ನ ತಗಡಿನ ಕೆಳಗ ಮಲಗಿಸಬ್ಯಾಡ್ರಿ.”

ಹನ್ನೊಂದೂವರೆಗೆ ಕುರುಗೋಡಿನ ಬಜಾರಿನಲ್ಲಿ ಒಂದು ನಾಯಿಯೂ ಇರಲಿಲ್ಲ. ನನ್ನೇಸಾಬ ಆ ಖಾಲಿ ರಸ್ತೆಯಲ್ಲಿ ಆಟೋವನ್ನು ಮೆಲ್ಲಗೆ, ಮದುಮಗನ ಹಾಗೆ ಓಡಿಸಿದ. ಮುಚ್ಚಿದ ಬಾಗಿಲುಗಳು, ಬಿಳಿಚಿದ ಆಕಾಶ. ಗಾಳಿಯೂ ನಿಂತಿತ್ತು. ಹೆದರಬೇಕಾದ ಹೊತ್ತಿನಲ್ಲಿ ಅವನು ಹಿಗ್ಗಿದ.

ಬಳ್ಳಾರಿಗೆ ಬಂದು ಅದನ್ನೇ ಸಾರಿದ. ಮರುದಿನ ಹನ್ನೆರಡಕ್ಕೆ ಶೆಡ್ಡಿನ ಹೆಂಗಸರು, “ಮೈಕಿನ್ಯಾಗ ಹೇಳ್ಯಾರ್ರೀ” ಎಂದು ಎದ್ದು ಮನೆಗೆ ನಡೆದರು. ಹಮೀದಾಬಿಯೂ ಬಂದಳು. ಗಂಡನಿಗೆ ಉಣ್ಣಲು ಬಡಿಸುತ್ತ, “ಮೂವತ್ತು ವರ್ಷಕ್ಕ ಒಂದು ಉಪಯೋಗದ ಮಾತು ಒದರಿದ್ರಿ ನೋಡ್ರಿ” ಎಂದಳು. ಮೂರು ದಿನ ಮಧ್ಯಾಹ್ನ ಮಲಗಿದಳು. ಕಣ್ಣು ಕತ್ತಲೆ ಬರುವುದು ನಿಂತಿತು.

ಹಾಳೆ ಕೊಟ್ಟವರಿಗೂ ಶೆಡ್ಡಿನ ಮಾಲೀಕನಿಗೂ ಸಿಟ್ಟು ಬಂತು. ಮೊದಲು ಶಶಿಕಾಂತ್ ಮೇಷ್ಟ್ರು ಫೋನು ಮಾಡಿದರು. “ಪಠ್ಯ ಬದಲಿಸೋಕೆ ನಿಮಗೆ ಅಧಿಕಾರ ಕೊಟ್ಟವರು ಯಾರ್ರೀ? ಒಂದು ದಿನದ ಬಿಸಿಲನ್ನ ಹೀಗೆ ಬೇರೆ ಬಿಸಿಲು ಅಂತ ಹೇಳೋದು ವೈಜ್ಞಾನಿಕವಾಗಿ ಸರಿಯಲ್ಲ. ಸಂಭವನೀಯತೆ ಅನ್ನೋ ಪದ ಎಲ್ಲಿ ಹೋಯ್ತು?”

“ಸೀಟಿನ ಕೆಳಗ ಐತ್ರಿ ಸರ” ಎಂದ ನನ್ನೇಸಾಬ.

ಕೆಲಸದಿಂದ ತೆಗೆದರು.

ಅದೇ ಸಂಜೆ ಶೆಡ್ಡಿನ ಮಾಲೀಕ ದೊಡ್ಡಬಸವರಾಜ ಕರೆಸಿದ. ಅವನು ನಗರದ ವರ್ತಕರ ಸಂಘದ ಅಧ್ಯಕ್ಷನೂ ಹೌದು. ಮೇಜಿನ ಮೇಲೆ ತನ್ನ ಹೆಸರಿನ ಫಲಕವನ್ನು ತನ್ನ ಕಡೆಗೇ ತಿರುಗಿಸಿ ಇಟ್ಟುಕೊಳ್ಳುವವನು. ಬೈಗುಳ ತಿನ್ನಲು ಸಿದ್ಧನಾಗಿ ಹೋದ ನನ್ನೇಸಾಬನಿಗೆ ಕುರ್ಚಿ, ತಣ್ಣನೆಯ ಮಜ್ಜಿಗೆ ಸಿಕ್ಕಿತು.

“ಏನ್ ದನಿಯೋ ನಿಂದು! ಇಡೀ ಬಳ್ಳಾರಿ ಮನಿ ಹೊಕ್ಕಂಡ್ತು. ಖಾಲಿ ಮಾಡ್ಸೋದು ಯಾರ್ ಬೇಕಾದ್ರೂ ಮಾಡ್ತಾರ ಬಿಡು, ಹೆದರ್ಸಿದ್ರ ಸಾಕು. ತುಂಬಿಸಿ ತೋರ್ಸು ನೋಡೋಣು.”

“ಏನ್ ಮಾಡ್ಬೇಕ್ರಿ ಸಾವ್ಕಾರ್ರ?”

“ಸೋಮವಾರ ಮಧ್ಯಾಹ್ನ ಎರಡಕ್ಕ ಮೆರವಣಿಗಿ. ಬಳ್ಳಾರಿ ಮಂದಿ ಬಿಸಿಲಿಗೆ ಹೆದರಂಗಿಲ್ಲ ಅಂತ ಊರಿಗೆ ಗೊತ್ತಾಗ್ಲಿ. ಮುಂದ ನೀನು, ಹಿಂದ ಊರು.”

ಮುಂದೆ ನೀನು ಎಂಬ ಮಾತು ನನ್ನೇಸಾಬನ ಎದೆಗೆ ಹೋಗಿ ಕೂತಿತು. ಅಲ್ಲಿಯೇ ಸಾಲು ಹೊಳೆಯಿತು: “ಬಳ್ಳಾರಿ ಬಿಸಿಲು, ಅದು ನಮ್ಮ ತಾಯಿಯ ಮಡಿಲು!” ದೊಡ್ಡಬಸವರಾಜ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಎರಡು ದಿನ ಆ ಸಾಲು ಮೋಕಾದಿಂದ ರೂಪನಗುಡಿಯವರೆಗೆ ಮೊಳಗಿತು. ಸೋಮವಾರ ಬೆಳಿಗ್ಗೆ ಹಮೀದಾಬಿ ರೊಟ್ಟಿ ತಿನ್ನುತ್ತ ಕೇಳಿದಳು:

“ಹೋದ ವಾರ ಒದರಿದ್ದು ಖರೇನೋ, ಈ ವಾರದ್ದು ಖರೇನೋ?”

“ನಾ ಹೇಳಾಂವ ಅಷ್ಟ.”

“ಹಂಗಾರ ನಾ ಮನ್ಯಾಗ ಇರ್ತೀನಿ. ತಲಿ ಮತ್ತ ಸಿಡ್ಯಾಕ ಹತ್ತೈತಿ. ಶೆಡ್ಡಿನೋರೆಲ್ಲಾ ಬರ್ಬೇಕಂತ, ನಾ ಒಬ್ಬಾಕಿ ಬರದಿದ್ರ ಏನಾಗಂಗಿಲ್ಲ ಬಿಡ್ರಿ.”

ನನ್ನೇಸಾಬ ಅಂಗಿಯ ಗುಂಡಿ ಹಾಕುತ್ತಿದ್ದವನು ನಿಲ್ಲಿಸಿದ. “ಇಡೀ ಊರನ್ನ ಕರ್ದೀನಿ. ನನ್ನ ಹೇಣ್ತಿನ ಮನ್ಯಾಗ ಕುಂತ್ಲು ಅಂದ್ರ ನನ್ನ ಮೈಕಿಗೆ ಏನ್ ಬೆಲಿ ಉಳೀತು? ಒಂದು ತಾಸಿನ ಮಾತು. ಸೆರಗು ತಲಿ ಮ್ಯಾಲ ಹಾಕ್ಕಂಡು ಬಾ.”

“ಅಬ್ಬಾ, ಅಮ್ಮಗ ಆರಾಮ ಇಲ್ಲ” ಎಂದಳು ಸುಲ್ತಾನಾ.

“ನೀ ಜೊತಿಗೆ ಇರು” ಎಂದ.

ಹಮೀದಾಬಿ ರೊಟ್ಟಿಯ ತಟ್ಟೆ ತೆಗೆದುಕೊಂಡು ಎದ್ದಳು. ಮೂವತ್ತು ವರ್ಷದಲ್ಲಿ ಮೊದಲ ಸಲ, ಒಲ್ಲದ ಮನಸ್ಸಿನಿಂದ, ಅವನ ದನಿಗೆ ಮಣಿದಳು.

ಊರು ಬಂದಿತ್ತು. ಎರಡು ಗಂಟೆಯ ಬಿಸಿಲಿನಲ್ಲಿ ಡಾಂಬರು ಮೆತ್ತಗಾಗಿ ಚಪ್ಪಲಿ ಕಚ್ಚಿಕೊಳ್ಳುತ್ತಿತ್ತು. ಸಾವಿರ ಜನ, ಕೆಂಪು ಟೋಪಿ, ಬ್ಯಾನರು. ದೊಡ್ಡಬಸವರಾಜ ಮೊದಲ ಇಪ್ಪತ್ತು ಹೆಜ್ಜೆ ನಡೆದು, ಫೋಟೋ ಆದ ಮೇಲೆ, ವ್ಯವಸ್ಥೆ ನೋಡಿಕೊಳ್ಳಲೆಂದು ಕಾರಿನೊಳಗೆ ಕೂತು ಗಾಜು ಏರಿಸಿದ. ಎಲ್ಲರಿಗಿಂತ ಮುಂದೆ ಆಟೋ. ನನ್ನೇಸಾಬ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೈಕ್ ಹಿಡಿದು ತಾಯಿಯ ಮಡಿಲನ್ನು ಹಾಡಿದ್ದೇ ಹಾಡಿದ್ದು. ಮೆರವಣಿಗೆಯ ಬಾಲ ಅರ್ಧ ಮೈಲಿ ಹಿಂದಿತ್ತು. ಅಲ್ಲಿ ಎದ್ದ ಕೂಗು ಅವನಿಗೆ ಕೇಳಲಿಲ್ಲ. ಕೇಳುವಷ್ಟು ಜಾಗ ಅವನ ಸ್ಪೀಕರುಗಳು ಯಾವ ಸದ್ದಿಗೂ ಬಿಟ್ಟಿರಲಿಲ್ಲ.

ಸುಲ್ತಾನಾ ಜನರ ನಡುವೆ ನುಗ್ಗಿ ಓಡಿ ಬಂದು ಆಟೋದ ತಗಡನ್ನು ಎರಡೂ ಕೈಯಲ್ಲಿ ಬಡಿದಳು. “ಅಬ್ಬಾ, ಅಮ್ಮ ಬಿದ್ದಾಳ! ಮೈ ಕೆಂಡ ಆಗೈತಿ, ಹನಿ ಬೆವರಿಲ್ಲ. ಏನೇನೋ ಮಾತಾಡಾಕ ಹತ್ಯಾಳ!”

ಅವನು ಆಟೋ ತಿರುಗಿಸಿದ. ಎದುರಿಗೆ ಗೋಡೆಯ ಹಾಗೆ ಊರು ನಿಂತಿತ್ತು, ಅವನೇ ಕರೆದ ಊರು.

“ದಾರಿ ಬಿಡ್ರಿ! ನನ್ನ ಹೇಣ್ತಿ ಬಿದ್ದಾಳ, ಬಿಸಿಲಿಗೆ ಬಿದ್ದಾಳ, ದಾರಿ ಬಿಡ್ರಿ!” ಎಂದು ಮೈಕಿನಲ್ಲಿ ಕೂಗಿದ.

ಮುಂದಿನ ಸಾಲಿನವರು ನಕ್ಕರು. “ಸಾಬ ನಾಟ್ಕ ಶುರು ಹಚ್ಗೊಂಡ್ನಲೇ!” ಎಂದನೊಬ್ಬ. ಯಾರೋ ಸಿಳ್ಳೆ ಹಾಕಿದರು. ಹಿಂದಿನವರು ಅದನ್ನೇ ಹೊಸ ಘೋಷಣೆ ಎಂದು ತಿಳಿದು, “ದಾರಿ ಬಿಡ್ರಿ, ದಾರಿ ಬಿಡ್ರಿ” ಎಂದು ಕೂಗುತ್ತ ಮುಂದೆ ಮುಂದೆ ಬಂದರು. ನನ್ನೇಸಾಬ ಮೈಕ್ ಎಸೆದು ಇಳಿದು ಓಡಿದ. ಹಮೀದಾಬಿಯನ್ನು ಅವನೂ ಸುಲ್ತಾನಾಳೂ ಹೊತ್ತುಕೊಂಡು ಓಣಿಗಳಲ್ಲಿ ನಡೆದೇ ದೊಡ್ಡ ರಸ್ತೆ ಮುಟ್ಟಿ ಬೇರೆ ಆಟೋ ಹತ್ತುವಷ್ಟರಲ್ಲಿ ಮುಕ್ಕಾಲು ತಾಸು ಹೋಗಿತ್ತು.

ಆಸ್ಪತ್ರೆಯಲ್ಲಿ ಇವತ್ತಿಗೆ ಐದನೇ ದಿನ. ಹಮೀದಾಬಿ ಕಣ್ಣು ಬಿಟ್ಟಿದ್ದಾಳೆ, ಯಾರನ್ನೂ ಗುರುತಿಸುತ್ತಿಲ್ಲ. ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಇನ್ನೂ ಎರಡು ದಿನ ನೋಡೋಣ ಎಂದು ಡಾಕ್ಟರು ಹೇಳಿದ್ದಾರೆ. ಎರಡು ದಿನ ಆದ ಮೇಲೆ ಏನು ಎಂಬುದನ್ನು ಹೇಳಿಲ್ಲ.

ಮೆರವಣಿಗೆ ಯಶಸ್ವಿಯಾಯಿತೆಂದೂ, ಮಹಿಳೆಯೊಬ್ಬರು ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದರಿಂದ ಅಸ್ವಸ್ಥರಾದರೆಂದೂ ವರ್ತಕರ ಸಂಘದ ಹೇಳಿಕೆ ಪತ್ರಿಕೆಯಲ್ಲಿ ಬಂತು. ಒಂದು ಪ್ರಕರಣದಿಂದ ಏನನ್ನೂ ನಿರ್ಣಯಿಸಲಾಗದು ಎಂದು ಶಶಿಕಾಂತ್ ಮೇಷ್ಟ್ರು ಬರೆದರು. ವಾರ್ಡಿನಲ್ಲೂ ಅದೇ ಜಗಳ. ಬಿಸಿಲು ಎಂದು ಒಬ್ಬರು, ಸಕ್ಕರೆ ಕಾಯಿಲೆ ಇದ್ದೀತು ಎಂದು ಒಬ್ಬರು. ಅಷ್ಟರಲ್ಲಿ ಸಿರುಗುಪ್ಪ ಕಡೆಯಿಂದ ಇನ್ನೂ ನಾಲ್ಕು ಜನ ಬಂದರು; ಮಂಚ ಸಾಲದೆ ಇಬ್ಬರನ್ನು ನೆಲದ ಮೇಲೆ ಮಲಗಿಸಿದರು. ಮುಂದಿನ ವಾರ ಇನ್ನೂ ಎರಡು ಡಿಗ್ರಿ ಏರುತ್ತದೆಂದು ನರ್ಸೊಬ್ಬಳು ಫೋನಿನಲ್ಲಿ ನೋಡಿ ಹೇಳಿದಳು.

ನನ್ನೇಸಾಬ ಹೆಂಡತಿಯ ಮಂಚದಿಂದ ಎದ್ದ. ಒಂದೊಂದೇ ಮಂಚದ ಹತ್ತಿರ ಹೋಗಿ, ಮೈಕಿಲ್ಲದ ಸಣ್ಣ ದನಿಯಲ್ಲಿ ಹೇಳತೊಡಗಿದ: “ಆಕಿ ಬೆಳಿಗ್ಗೆ ಎರಡು ರೊಟ್ಟಿ ತಿಂದಿದ್ಲ್ರಿ. ನಾ ನೋಡೀನಿ. ಬಿಸಿಲಿಗೇ ಬಿದ್ಲು. ಬರಂಗಿಲ್ಲ ಅಂದಿದ್ಲು, ನಾನ ಕಳಿಸ್ದೆ. ನಿಮ್ಮನ್ಯಾಗಿನೋರನ್ನ ಮಧ್ಯಾಹ್ನ ಹೊರಗ ಬಿಡಬ್ಯಾಡ್ರಿ.”

ಆರನೇ ಮಂಚದ ಬಳಿ ಕೂತಿದ್ದ ಕುರುಗೋಡಿನವನು ಅವನನ್ನು ಗುರುತು ಹಿಡಿದ. ಪೂರ್ತಿ ಕೇಳಿಸಿಕೊಂಡು, ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ ವಿಚಾರಿಸಿದ:

“ಇದನ್ನ ಹೇಳಾಕ ಯಾರು ಕಳಿಸ್ಯಾರಣ್ಣ?”