ಬಚ್ಚಲೊಲೆಯ ಮೇಲೆ ಒಣಗಿಸಿದ ಬೋರ್ಡು

ಅಂಗಡಿಗೆ ಬೀಗ ಹಾಕಿ ಮೂರು ಸಲ ಜಗ್ಗಿ, ಬಸ್ ಸ್ಟ್ಯಾಂಡಿನವರೆಗೆ ಹೋಗಿ, ತಿರುಗಿ ಬಂದು ನಾಲ್ಕನೆಯ ಸಲ ಜಗ್ಗುವ ಮನುಷ್ಯ ನಾನು. ಕೊಪ್ಪದಲ್ಲಿ ಮೋಟರ್ ಕಂಟ್ರೋಲರ್ ರಿಪೇರಿ ಮಾಡುತ್ತೇನೆ. ಲೋಕದಲ್ಲಿ ಕೆಡಬಹುದಾದ ಎಲ್ಲದರ ಬಗ್ಗೆಯೂ ಮುಂಚಿತವಾಗಿ ಹೆದರಿಟ್ಟುಕೊಂಡಿದ್ದೆ. ನಮ್ಮನೆಯ ಬಚ್ಚಲೊಲೆ ಮಾತ್ರ ಆ ಪಟ್ಟಿಯಿಂದ ಬಿಟ್ಟುಹೋಗಿತ್ತು.

ಹೋದ ಮಳೆಗಾಲ, ಊರಂಚಿನಲ್ಲಿರುವ ಟೈಲರ್ ಹೆಂಗಸೊಬ್ಬರ ಬ್ಯಾಟರಿ ಗಾಲಿಕುರ್ಚಿ ನಿಂತುಹೋಯಿತು. ಚಿಕ್ಕಂದಿನಿಂದ ಅವರ ಕಾಲಿಗೆ ಬಲವಿಲ್ಲ. ಆ ಕುರ್ಚಿ ಬಂದ ಮೇಲೆ ಪೇಟೆಯಲ್ಲೊಂದು ಕೋಣೆ ಹಿಡಿದು, ದಿನಾ ಒಬ್ಬರೇ ಬಂದು ಬ್ಲೌಸು ಹೊಲಿದು, ಒಬ್ಬರೇ ಮನೆಗೆ ಹೋಗುತ್ತಿದ್ದರು. ಕುರ್ಚಿ ಇಲ್ಲದಿದ್ದರೆ ಪಕ್ಕದ ನಾರ್ವೆ ಎಂಬ ಊರಿಗೆ ತೋಟದ ಕೆಲಸಕ್ಕೆ ಹೋಗುವ ಅಣ್ಣ ಎತ್ತಿಕೊಂಡು ಬರಬೇಕು. ಅವನಿಗೆ ಪುರುಸೊತ್ತಿದ್ದ ದಿನ ಮಾತ್ರ ಅಂಗಡಿ.

ಕಂಟ್ರೋಲರ್ ಬಿಚ್ಚಿದರೆ ಟ್ರಾನ್ಸಿಸ್ಟರುಗಳು ಸುಟ್ಟಿದ್ದವು. ಮೋಟರಿಗೆ ಕರೆಂಟು ಬಿಡುವ ಬಾಗಿಲುಗಳು ಅವು, ಜೋಡಿಜೋಡಿಯಾಗಿರುತ್ತವೆ. ಅವನ್ನು ತೆರೆದು ಮುಚ್ಚುವುದು ಗೇಟ್ ಡ್ರೈವರ್ ಎಂಬ ಚಿಪ್, ಹುಣಸೆಬೀಜಕ್ಕಿಂತ ಚಿಕ್ಕದು. ಜೋಡಿಯ ಎರಡೂ ಬಾಗಿಲು ಒಟ್ಟಿಗೆ ತೆರೆದರೆ ಬ್ಯಾಟರಿಯ ಶಕ್ತಿಯಷ್ಟೂ ಮೋಟರಿಗೆ ಹೋಗದೆ ಅಲ್ಲೇ ಸುಡುತ್ತದೆ. ಟ್ರಾನ್ಸಿಸ್ಟರ್ ಜೊತೆ ಚಿಪ್ಪನ್ನೂ ಹೊಸದು ಹಾಕಿದೆ. ಅಲ್ಲಿಯವರೆಗೆ ಬುದ್ಧಿವಂತನೇ. ಆಮೇಲೆ ಬೆಸುಗೆಯ ಅಂಟು ಹೋಗಲೆಂದು, ಇವೆಲ್ಲ ಕೂತಿರುವ ಸರ್ಕಿಟ್ ಬೋರ್ಡು ತೊಳೆದೆ. ಒಣಗಬೇಕಲ್ಲ? ನಮ್ಮ ಕಡೆ ಮಳೆಗಾಲದಲ್ಲಿ ಒಣಗಬೇಕಾದದ್ದೆಲ್ಲ, ಕೂಸಿನ ಬಟ್ಟೆಯಿಂದ ಬೆಂಕಿಪೊಟ್ಟಣದವರೆಗೆ, ಬಚ್ಚಲೊಲೆಯ ಮೇಲಿನ ಅಟ್ಟಕ್ಕೇ ಹೋಗುವುದು. ಎರಡು ದಿನ ಇಟ್ಟೆ. ಚಿಪ್ಪಿನ ಕಾಲುಗಳ ನಡುವೆ ಹೊಗೆಯ ಮಸಿ ತೆಳ್ಳಗೆ ಕೂತದ್ದು ಕಾಣಲಿಲ್ಲ. ಮಸಿಯಲ್ಲಿ ಕರೆಂಟು ಹರಿಯುತ್ತದೆ ಎಂಬುದನ್ನು ನಾನೇ ಎಷ್ಟೋ ಜನರಿಗೆ ಪಾಠ ಮಾಡಿದ್ದೇನೆ.

ಬೋರ್ಡು ಕೂರಿಸಿ ಕುರ್ಚಿ ವಾಪಸ್ ಕೊಟ್ಟ ನಾಲ್ಕನೆಯ ದಿನ ಏರಿನಲ್ಲಿ ಕುರ್ಚಿ ಪಟ್ಟೆಂದು ನಿಂತಿತು. ಥಂಡಿ ಹಿಡಿದ ಮಸಿ ಎರಡೂ ಬಾಗಿಲು ತೆರೆಸಿತ್ತು. ಈ ಸಲ ಪ್ರೋಗ್ರಾಮಿದ್ದ ಮುಖ್ಯ ಚಿಪ್ ಕೂಡ ಹೋಗಿತ್ತು. ಪ್ರೋಗ್ರಾಮು ಕುರ್ಚಿ ಮಾಡಿದವರ ಹತ್ತಿರ ಮಾತ್ರ. ಅವರು ಆ ಮಾಡೆಲ್ಲನ್ನೇ ನಿಲ್ಲಿಸಿ ಯಾವ ಕಾಲವಾಯಿತೋ. ಬೇರೆ ಕಂಟ್ರೋಲರ್ ಎರಡು ತರಿಸಿದೆ. ಒಂದರಲ್ಲಿ ಕುರ್ಚಿ ಇದ್ದಲ್ಲೇ ಗಿರಗಿರ ತಿರುಗಿತು, ಇನ್ನೊಂದರಲ್ಲಿ ಅದೂ ಇಲ್ಲ. ಎರಡು ತಿಂಗಳು ಹೀಗೇ ಕಳೆದೆ.

ಕೊನೆಗೆ ಹೇಳಿಬಿಡೋಣವೆಂದು ಅವರ ಮನೆಗೆ ಹೋದೆ.

“ಎಂತ ಮಾರಾಯ್ರೇ ಮುಖ ಇದು? ಸಾವಿನ ಮನೆಯಿಂದ ಬಂದ್ರಾ?” ಎಂದರು ಅವರು.

“ಕುರ್ಚಿ ಆಗಲ್ಲ. ತಪ್ಪು ನಂದೇ. ಬಚ್ಚಲೊಲೆ ಮೇಲೆ ಒಣಗ್ಸಿದ್ದೆ, ಮಸಿ ಕೂತು ಸುಟ್ಟೋಯ್ತು.”

ಅವರು ಕೈಯಲ್ಲಿದ್ದ ಹೆಮ್ಮಿಂಗ್ ನಿಲ್ಲಿಸಲಿಲ್ಲ. “ನೀವು ಕುರ್ಚಿ ತಂದ್ಕೊಟ್ಟ ದಿನಾನೇ ನಂಗೆ ಹೊಗೆ ವಾಸನೆ ಬಂದಿತ್ತು. ಓದಿದೋರಿಗೆ ನಾನೆಂತ ಹೇಳೋದು ಅಂತ ಸುಮ್ನಾದೆ.”

ಬೈದಿದ್ದರೆ ಬದುಕುತ್ತಿದ್ದೆ. “ಬೇರೆ ಕುರ್ಚಿ ಸಿಗ್ತದಾ ನೋಡ್ತೀನಿ” ಎಂದೆ.

“ನೋಡಿ. ಪೇಟೆ ಕೋಣೆ ಕೀಲಿ ಮೊನ್ನೆನೇ ವಾಪಸ್ ಕೊಟ್ಟಾಯ್ತು. ದಿನಾ ಎತ್ಕಂಡು ಓಡಾಡಕ್ಕೆ ಅಣ್ಣಂಗೂ ಸೊಂಟ ಅಂತ ಒಂದು ಇಲ್ವಾ?”

ಕಿಟಕಿಯ ಪಕ್ಕ ಕುರ್ಚಿ ಇತ್ತು. ಅದರ ಮೇಲೆ ಹೊಲಿಯಬೇಕಾದ ಬಟ್ಟೆಗಳ ರಾಶಿ. ಬಹಳ ಅಲ್ಲ; ಮನೆಯವರೆಗೆ ಬರುವವರು ಕಡಿಮೆ.

ಹೊರಟಾಗ ಒಳಗಿನಿಂದ ಕೂಗಿದರು: “ಬಾಗ್ಲು ಎಳ್ಕಂಡು ಹೋಗಿ, ನಂಗೆ ಎದ್ದು ಬರಕ್ಕಾಗಲ್ಲ.”

ಎಳೆದುಕೊಂಡೆ. ಜಗ್ಗಿ ನೋಡುವ ಧೈರ್ಯ ಬರಲಿಲ್ಲ.