ಮುಳ್ಳಯ್ಯನಗಿರಿಗೆ ಹೊತ್ತ ಬುತ್ತಿ

ಇಂಡಿಯಿಂದ ಸಿಂದಗಿಗೆ ಹೋಗುವ ಕೆಂಪು ಬಸ್ಸು ಬೆಳಿಗ್ಗೆ ಆರಕ್ಕೆ ಹೊರಡಬೇಕಿತ್ತು. ಕಂಡಕ್ಟರ್ ಚಹಾ ಕುಡಿದು, ಎಲೆ ಹಾಕಿಕೊಂಡು, ಮತ್ತೊಂದು ಚಹಾ ಕುಡಿದು ಬರುವ ಹೊತ್ತಿಗೆ ಏಳು ಬಡಿಯಲು ಬಂದಿತ್ತು. ನನ್ನ ಕೈಯಲ್ಲಿ ಒಂದು ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ನಮ್ಮ ತೋಟದ ಲಿಂಬೆಹಣ್ಣಿನ ಗಂಟು. ಆಧಾರ್ ಕಾರ್ಡು ತೋರಿಸಿದೆ, ಸೊನ್ನೆ ರೂಪಾಯಿಯ ಟಿಕೆಟು ಹರಿದುಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿರದಿದ್ದರೆ ಈ ಪ್ರವಾಸ ನಮ್ಮ ಫೋನಿನ ಮಾತಿನಲ್ಲೇ ಮುಗಿಯುತ್ತಿತ್ತು.

ನಾವು ನಾಲ್ವರು ಗೆಳತಿಯರು. ವಿಜಯಪುರದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದು ಪಿಯುಸಿ ಓದಿದವರು. ಆಮೇಲೆ ಮದುವೆ ನಮ್ಮನ್ನು ನಾಲ್ಕು ತಾಲೂಕಿಗೆ ಹಂಚಿತು. ನಾನು ಇಂಡಿಯಲ್ಲಿ ಸೀರೆ ಅಂಗಡಿ ನಡೆಸುತ್ತೇನೆ. ಶೋಭಾ ಸಿಂದಗಿಯಲ್ಲಿ, ನೀಲಾ ಮುದ್ದೇಬಿಹಾಳದಲ್ಲಿ. ಕಸ್ತೂರಿ ಬಸವನ ಬಾಗೇವಾಡಿಯಲ್ಲಿ ಖಾನಾವಳಿ ಇಟ್ಟುಕೊಂಡಿದ್ದಾಳೆ. ದಿನಾ ಬೆಳಗಾದರೆ ರೊಟ್ಟಿ ಬಡಿಯುವುದು, ಉಣ್ಣಲು ಬಂದವರಿಗೆ "ಇನ್ನೊಂದು ಹಾಕ್ಕೊಳ್ರಿ" ಎನ್ನುವುದು, ಇಷ್ಟೇ ಆಕೆಯ ಜೀವನ.

ಬೆಟ್ಟದ ಹುಚ್ಚು ಹಚ್ಚಿದವಳು ಅವಳೇ. ಸಕ್ಕರೆ ಕಾಯಿಲೆಯಿಂದ ಆಕೆಯ ಬಲಗಣ್ಣು ಹೋಗಿದೆ. ಎಡಗಣ್ಣು ಒಂದು ದಿನ ತಿಳಿ ಇರುತ್ತದೆ, ಇನ್ನೊಂದು ದಿನ ಒಳಗೆ ರಕ್ತ ಒಸರಿ ಮಸಿ ಚೆಲ್ಲಿದಂತಾಗುತ್ತದೆ. ಸೊಲ್ಲಾಪುರದ ಡಾಕ್ಟರು ಇಂಜೆಕ್ಷನ್ನಿಗೆ ತಿಂಗಳಾಚೆಯ ಒಂದು ಗುರುವಾರದ ದಿನ ಕೊಟ್ಟಿದ್ದರು, ಕಣ್ಣು ಉಳಿಯುವ ಖಾತ್ರಿ ಮಾತ್ರ ಕೊಟ್ಟಿರಲಿಲ್ಲ. ಅವತ್ತು ರಾತ್ರಿ ಆಕೆ ನನಗೆ ಫೋನು ಮಾಡಿದಳು.

"ನಂದಾ, ನಾ ಹುಟ್ಟಿದಾಗಿಂದ ಈ ಬಯಲಷ್ಟ ನೋಡೇನಿ. ಗುಡ್ಡದ ತುದಿ ಮ್ಯಾಲೆ ನಿಂತು ಸುತ್ತ ಕೆಳಗ ನೋಡಬೇಕಂತೇನಿ. ಕಣ್ಣ ಹೋದ ಮ್ಯಾಲೆ ಕರಕೊಂಡ ಹೋದ್ರ ಏನ್ ಬಂತ?"

ನಡಿ ಅಂದೆ.

ಯೋಜನೆ ಮಾಡಿದ್ದನ್ನು ಕೇಳಿದರೆ ನಗುತ್ತೀರಿ. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಸರ್ಪದಾರಿ ಎಂಬ ಕಾಲುಹಾದಿಯಿಂದ ಹತ್ತಿ, ತುದಿ ಮುಟ್ಟಿ, ಅಲ್ಲಿಂದ ಬೆಟ್ಟದ ಬೆನ್ನಿನ ಮೇಲೇ ಬಾಬಾಬುಡನ್‌ಗಿರಿಯ ಕಡೆಗೆ ನಡೆದರೆ ಎರಡೂ ಬದಿಗೆ ಶಿಖರಗಳು ಕಾಣುತ್ತವೆ ಎಂದು ಫೋನಿನ ವಿಡಿಯೋದಲ್ಲಿ ನೋಡಿದ್ದೆವು. ಹಿಂಗಾರಿ ಬಿತ್ತನೆ ಮುಗಿದ ಮೇಲೆ, ಆ ಗುರುವಾರದ ಒಳಗೆ, ಅಮಾವಾಸ್ಯೆ ತಪ್ಪಿಸಿ ದಿನ ಹಿಡಿದೆವು. ಏರು ಹತ್ತುವ ರೂಢಿ ಆಗಬೇಕಲ್ಲ? ನಮ್ಮ ಸೀಮೆಯಲ್ಲಿ ಏರು ಎಂದರೆ ಕೆರೆಯ ಏರಿ. ನಾನು ಅಂಗಡಿಯ ಮಾಳಿಗೆಯ ಮೆಟ್ಟಿಲು ಹತ್ತಿ ಇಳಿದೆ. ಗಿರಾಕಿಗಳು "ಅಕ್ಕಾರ, ಏನ್ ಕಳದೈತ್ರಿ?" ಎಂದು ಕೇಳತೊಡಗಿದರು. ಬೂಟು, ಕೋಲು, ಜೀಪು, ಲಾಡ್ಜು, ಎಲ್ಲ ಮಾತಾಡಿದೆವು. ಬುತ್ತಿಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಬುತ್ತಿಯ ಬಗ್ಗೆ ನಮ್ಮಲ್ಲಿ ಯಾರಾದರೂ ಮಾತಾಡುತ್ತಾರೆಯೇ? ಹೊರಟರೆ ಕಟ್ಟಿಕೊಳ್ಳುವುದೇ, ಅದೂ ನಾಲ್ಕು ಮಂದಿಗೆ ಹೆಚ್ಚಾಗುವಷ್ಟು.

ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಶೋಭಾ ನಿಂತಿದ್ದಳು, ಆದರೆ ಮನೆಯ ಸೀರೆಯಲ್ಲೇ. ಸೊಸೆಗೆ ಹೆರಿಗೆ ನೋವು ಶುರುವಾಗಿತ್ತಂತೆ. "ನನ್ನ ಹಣೆಬರದಾಗ ಗುಡ್ಡ ಇಲ್ಲವಾ" ಎಂದು ಅತ್ತಳು, ಅಳುತ್ತಲೇ ನಾನು ಹತ್ತಿದ ಬಾಗೇವಾಡಿ ಬಸ್ಸಿನ ಕಿಟಕಿಯಿಂದ ದೊಡ್ಡದೊಂದು ಡಬ್ಬಿ ಒಳಗೆ ತುರುಕಿದಳು. ಶೇಂಗಾ ಹೋಳಿಗೆ. ಹತ್ತು ಮಂದಿಗೆ ಸಾಲುವಷ್ಟು ಇತ್ತು.

ಹೂವಿನ ಹಿಪ್ಪರಗಿ ದಾಟಿ ಬಾಗೇವಾಡಿ ಮುಟ್ಟಿದಾಗ ಬಿಸಿಲು ಏರಿತ್ತು. ಕಸ್ತೂರಿ ಹೊಸ ಬೂಟು ಹಾಕಿಕೊಂಡು, ಇಳಕಲ್ ಸೀರೆ ಉಟ್ಟು, ಎರಡು ಗಂಟು ಹೊತ್ತುಕೊಂಡು ಬಂದಳು. ಒಂದರಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಇನ್ನೊಂದರಲ್ಲಿ ನಾವು ಹಿಂಡಿ ಎನ್ನುವ ಶೇಂಗಾ, ಗುರೆಳ್ಳಿನ ಚಟ್ನಿಪುಡಿ, ಗೋಧಿ ಬೆಲ್ಲದ ಮಾದಲಿ, ಉಳ್ಳಾಗಡ್ಡಿ. "ಎಪ್ಪಾ, ಗುಡ್ಡಾ ಹತ್ತಾಕ ಹೊಂಟೀಯೋ ಬೀಗರ ಮನಿಗೋ?" ಎಂದು ಗದರಿದೆ. "ಇರ್ಲಿ ತಗೊ, ಹಾದಿ ಮ್ಯಾಲೆ ಯಾರರ ಸಿಗ್ತಾರ" ಎಂದಳು. ಮುದ್ದೇಬಿಹಾಳದಲ್ಲಿ ಹತ್ತಿದ ನೀಲಾ ಕೂಡ ಬರಿಗೈಯಲ್ಲಿ ಬರಲಿಲ್ಲ, ಕೆಂಪು ಖಾರದ ಭರಣಿ ತಂದಿದ್ದಳು.

ತಂಗಡಗಿಯ ಸೇತುವೆಯಲ್ಲಿ ಕೃಷ್ಣೆ ತುಂಬಿ ನಿಂತಿದ್ದಳು. ಹುನಗುಂದ, ಕುಷ್ಟಗಿ ದಾಟಿ ಸಂಜೆಗೆ ಹೊಸಪೇಟೆ. ಅಲ್ಲಿ ಲಾಡ್ಜಿನಲ್ಲಿ ಮಲಗಿ, ಮರುದಿನ ಚಿತ್ರದುರ್ಗ, ಕಡೂರು ಎಂದು ಬಸ್ಸು ಬದಲಿಸುತ್ತ ಚಿಕ್ಕಮಗಳೂರು ಮುಟ್ಟಿದೆವು. ಎರಡು ದಿನ ಕುಳಿತು ಸೊಂಟ ಹಿಡಿದಿತ್ತು. ಕಸ್ತೂರಿಗೆ ಮಾತ್ರ ದಣಿವೇ ಇರಲಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ "ನಾವು ಗುಡ್ಡ ನೋಡಾಕ ಹೊಂಟೇವ್ರಿ" ಎಂದು ಹೇಳುತ್ತ ಬಂದಳು. ಚಿಕ್ಕಮಗಳೂರಿನ ಕಡೆಯವರು ನಗುತ್ತಿದ್ದರು. ಅವರಿಗೆ ಗುಡ್ಡವೆಂದರೆ ಹಿತ್ತಲು.

ಮರುದಿನ ನಸುಕಿನಲ್ಲಿ ಜೀಪಿನವನೊಂದಿಗೆ ನಾನು ಸೀರೆ ಅಂಗಡಿಯ ಚೌಕಾಶಿಯನ್ನೆಲ್ಲ ತೋರಿಸಿ, ಕೇಳಿದ್ದಕ್ಕೆ ಐನೂರು ಕಡಿಮೆ ಮಾಡಿಸಿದೆ. ಜೀಪು ಕಾಫಿ ತೋಟಗಳ ನಡುವೆ ಸುತ್ತುತ್ತ ಏರಿತು. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಕಸ್ತೂರಿ ಹೊರಗೆ ನೋಡುತ್ತಿದ್ದವಳು ನನ್ನ ತೊಡೆ ಹಿಡಿದು ಅಲುಗಾಡಿಸಿದಳು.

"ನಂದಾ, ಇವತ್ತ ಕಣ್ಣ ಎಷ್ಟ ತಿಳಿ ಐತೆವಾ! ಆ ಗಿಡದಾಗಿನ ಎಲಿ ಎಲಿ ಕಾಣಾಕತ್ತಾವ!"

ಆಕೆಯ ಮುಖ ಅಷ್ಟು ಅರಳಿದ್ದನ್ನು ನಾನು ಹಾಸ್ಟೆಲ್ ಬಿಟ್ಟ ಮೇಲೆ ನೋಡಿರಲಿಲ್ಲ. ಹೊಟ್ಟೆ ತಣ್ಣಗಾಯಿತು.

ಸರ್ಪದಾರಿಯ ಬುಡದಲ್ಲಿ ಇಳಿದೆವು. ಬುತ್ತಿಯನ್ನು ಜೀಪಿನಲ್ಲೇ ಬಿಡಿರಿ ಎಂದ ಡ್ರೈವರ್. ಕಸ್ತೂರಿ ಒಪ್ಪಲಿಲ್ಲ. "ಉಣ್ಣೂ ಅನ್ನ ಬಿಟ್ಟು ಹೋಗಬಾರದು" ಎಂದು ಗಂಟು ಹೆಗಲಿಗೇರಿಸಿದಳು. ಹುಲ್ಲು, ಕಲ್ಲು, ಮತ್ತೆ ಹುಲ್ಲು. ಹಾದಿ ಹಾವಿನಂತೆಯೇ ಹೊರಳಿ ಹೊರಳಿ ಮೇಲೆ ಹೋಗುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಟ್ಟೆವು. ನನ್ನ ಮಾಳಿಗೆಯ ಮೆಟ್ಟಿಲು ಯಾವ ಮೂಲೆಗೂ ಸಾಲಲಿಲ್ಲ. ಆದರೆ ಆಕಾಶ ತಿಳಿಯಾಗಿತ್ತು. ಮೇಲೆ ಶಿಖರ ಕಾಣುತ್ತಿತ್ತು. ಇನ್ನೊಂದು ತಾಸು ಹತ್ತಿದರೆ ಮುಟ್ಟುತ್ತಿದ್ದೆವು.

ಅರ್ಧ ಹಾದಿಯಲ್ಲಿ ಒಂದು ದೊಡ್ಡ ಬಂಡೆ ಬಂತು. ನೀಲಾಗೆ ಹಸಿವೆ. ಎರಡು ತುತ್ತು ತಿಂದು ಹೋಗೋಣ ಎಂದು ಕುಳಿತೆವು. ಕಣಿವೆಯ ಕಡೆಯಿಂದ ಗಾಳಿ ಬೀಸಿ ಹಿಂಡಿಯ ಪುಡಿಯನ್ನೆಲ್ಲ ಹಾರಿಸುತ್ತಿತ್ತು, ಅದಕ್ಕೆ ಕಣಿವೆಗೆ ಬೆನ್ನು ಮಾಡಿ, ಬಂಡೆಗೆ ಮುಖ ಮಾಡಿ, ಧೋತರದ ತುಂಡು ಹಾಸಿ ಗಂಟು ಬಿಚ್ಚಿದೆವು.

ಅಷ್ಟರಲ್ಲಿ ಕೆಳಗಿನಿಂದ ನಾಲ್ಕು ಹುಡುಗಿಯರು ಬಂದರು. ಮೈಸೂರಿನ ಕಾಲೇಜಿನವರಂತೆ. ಕೈಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣ.

"ಬರ್ರೆವಾ, ಊಟಕ್ಕ ಬರ್ರಿ" ಎಂದಳು ಕಸ್ತೂರಿ.

"ಬೇಡ ಆಂಟಿ, ಥ್ಯಾಂಕ್ಸ್."

"ಬ್ಯಾಡ ಅಂದ್ರ ಹೆಂಗ? ಉಣ್ಣೋರ ಮುಂದ ಹಾಯ್ದ ಹೋಗಬಾರದು. ಕುಂದರ್ರಿ."

ನಮ್ಮಲ್ಲಿ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಊಟಕ್ಕೆ ಕುಳಿತರೆ ದಾರಿಹೋಕರನ್ನು ಕರೆಯದೆ ಯಾರೂ ತುತ್ತು ಎತ್ತುವುದಿಲ್ಲ. ಕರೆಸಿಕೊಂಡವರೂ ಇಲ್ಲ ಎನ್ನುವುದಿಲ್ಲ. ಅದೇ ರೂಢಿ ಇಲ್ಲಿಯೂ ಕೆಲಸ ಮಾಡಿತು. ಹುಡುಗಿಯರು ಕುಳಿತರು. ಸಜ್ಜೆ ರೊಟ್ಟಿ ಮುರಿಯುವುದು ಹೇಗೆಂದು ಕೇಳಿದರು, ಕೆಂಪು ಖಾರ ನಾಲಿಗೆಗೆ ಹಚ್ಚಿಕೊಂಡು "ಅಯ್ಯಯ್ಯೋ" ಎಂದು ಕುಣಿದರು. ಅವರ ಹಿಂದೆ ಮಂಡ್ಯದ ಗಂಡ ಹೆಂಡತಿ ಬಂದರು. ಅವರ ಹಿಂದೆ ಕ್ಯಾಮೆರಾ ಹೊತ್ತ ಮೂವರು. ಕಸ್ತೂರಿ ಯಾರನ್ನೂ ಬಿಡಲಿಲ್ಲ. "ಇನ್ನೊಂದು ಹಾಕ್ಕೊಳ್ರಿ, ನಾಚಬ್ಯಾಡ್ರಿ." ನೀಲಾ ಮಾದಲಿಗೆ ತುಪ್ಪ ಸುರಿದಳು. "ನಡೀರೇ, ಹೊತ್ತಾತು" ಎಂದು ನಾನು ಬಾಯಲ್ಲಿ ಅನ್ನುತ್ತಿದ್ದೆ, ಕೈಯಲ್ಲಿ ಎಲ್ಲರಿಗೂ ಲಿಂಬೆಹಣ್ಣು ಹೆಚ್ಚಿ ಶರಬತ್ತು ಮಾಡಿಕೊಡುತ್ತಿದ್ದೆ. "ಇಂಡಿ ಲಿಂಬೆ ಅಂದ್ರೆ ಇದೇನಾ!" ಎಂದು ಒಬ್ಬ ಹೊಗಳಿದಾಗ ನನಗೂ ಏಳಬೇಕು ಅನ್ನಿಸಲಿಲ್ಲ. ಖರೇ ಹೇಳಬೇಕೆಂದರೆ ಅಷ್ಟು ಚೆಂದದ ಪಂಕ್ತಿ ನಾನು ಮದುವೆಗಳಲ್ಲೂ ಉಂಡಿಲ್ಲ.

ಶೋಭಾಳ ಹೋಳಿಗೆಯ ಡಬ್ಬಿ ಖಾಲಿಯಾದಾಗ ಒಬ್ಬ ಹುಡುಗಿ ನಮ್ಮ ಬೆನ್ನ ಹಿಂದೆ ನೋಡಿ ಹೇಳಿದಳು, "ಆಂಟಿ, ಮಂಜು ಬರ್ತಿದೆ."

ತಿರುಗಿ ನೋಡಿದೆವು. ಕಣಿವೆ ಇರಲಿಲ್ಲ.

ಗಂಟು ಕಟ್ಟಿ ಎದ್ದು ಬಿದ್ದು ಹತ್ತಿದೆವು. ಹತ್ತಿದಷ್ಟೂ ಮಂಜು ಹೆಚ್ಚಾಯಿತು. ತುದಿ ಮುಟ್ಟಿದಾಗ ಮೂರು ಮಾರು ದೂರದ ಗುಡಿಯ ಗೋಡೆಯೂ ನೆಟ್ಟಗೆ ಕಾಣುತ್ತಿರಲಿಲ್ಲ. ಮುಳ್ಳಪ್ಪ ಸ್ವಾಮಿಯ ಗದ್ದುಗೆಗೆ ನಮಸ್ಕಾರ ಮಾಡಿ, ಕಟ್ಟೆಯ ಅಂಚಿಗೆ ಬಂದು ನಿಂತೆವು. ಸುತ್ತಲೂ ಹಿಂಜಿದ ಅರಳೆ ಹರಡಿದಂತೆ ಬಿಳುಪು. ಕಸ್ತೂರಿ ಆ ಕಡೆ ಹೋದಳು, ಈ ಕಡೆ ಬಂದಳು. ಕಣ್ಣು ಒರೆಸಿಕೊಂಡು ಕೇಳಿದಳು:

"ಇದು ಮಂಜ ಹೌದಲ್ಲ? ನನ್ನ ಕಣ್ಣ ಅಲ್ಲಲ್ಲ?"

"ಮಂಜವಾ. ನಮಗೂ ಏನೂ ಕಾಣವಲ್ದು" ಎಂದೆ.

ಎರಡು ತಾಸು ಕಾದೆವು. ಬಾಬಾಬುಡನ್‌ಗಿರಿಯ ಕಡೆ ಹೊರಟವರೆಲ್ಲ ವಾಪಸು ಬರುತ್ತಿದ್ದರು. ಅಲ್ಲಿದ್ದ ಕಾವಲುಗಾರ ನಮ್ಮನ್ನು ನೋಡಿ ಮರುಗಿದ. "ಬೆಳಿಗ್ಗೆ ಒಂಬತ್ತರವರೆಗೂ ಕನ್ನಡಿ ಥರ ಇತ್ತು ಅಮ್ಮ. ಅಷ್ಟು ಕ್ಲಿಯರಾಗಿ ವಾರದಿಂದ ಕಂಡಿರಲಿಲ್ಲ. ಈಗ ಮುಂದಕ್ಕೆ ಹೋಗ್ಬೇಡಿ, ಕಾಲು ಜಾರಿದ್ರೆ ಕಷ್ಟ. ನಾಳೆ ಬನ್ನಿ."

ನಾಳೆ ಎಲ್ಲಿಂದ ಬರುವುದು? ನಾಳೆ ಮಂಗಳವಾರ. ಎರಡು ದಿನದ ಹಾದಿ. ಗುರುವಾರ ಸೊಲ್ಲಾಪುರ.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಖಾನಾವಳಿ ಬಾಗೇವಾಡ್ಯಾಗ ಬಿಟ್ಟ ಬರಬೇಕಿತ್ತವಾ ನೀ. ಗುಡ್ಡದ ಮ್ಯಾಲೂ ತಂದಿ!"

"ಅಲ್ಲ, ಹಸದವರ ಮುಂದ ನಾವಷ್ಟ ತಿನ್ನಾಕ ಆಗ್ತೈತೇನು?"

"ಅವರೇನ್ ಹಸದಿದ್ದಿಲ್ಲ. ಬಿಸ್ಕೀಟ್ ಇತ್ತ ಅವರ ಕಡೆ."

"ಬಿಸ್ಕೀಟ್ ಏನ್ ಊಟಾನ?" ಎಂದಳು. ಆಮೇಲೆ ದನಿ ಸಣ್ಣದಾಯಿತು. "ಒಂದ ಸಲಾರ ತಿರುಗಿ ನೋಡಬೇಕಿತ್ತ ನೋಡ. ಗುಡ್ಡ ಎಲ್ಲಿ ಓಡಿ ಹೋಗ್ತೈತಿ, ಉಂಡ ನೋಡಿದ್ರಾತು ಅಂದ್ಕೊಂಡೆ. ನಮ್ಮ ಕಡೆ ಬಯಲ ಎಲ್ಲೂ ಹೋಗೂದಿಲ್ಲಲ್ಲ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಾನೂ ಹಾಗೇ ಅಂದುಕೊಂಡಿದ್ದೆ, ನೀಲಾ ಕೂಡ. ನಮ್ಮ ಎರೆಭೂಮಿಯಲ್ಲಿ ಬೆಳಿಗ್ಗೆ ಕಂಡದ್ದು ಸಂಜೆಗೂ ಅಲ್ಲೇ ಇರುತ್ತದೆ. ಬೆಟ್ಟಕ್ಕೂ ಒಂದು ಹೊತ್ತು ಇದೆ, ಹೊತ್ತು ಮೀರಿದರೆ ಅದು ಮುಖ ಮುಚ್ಚಿಕೊಳ್ಳುತ್ತದೆ ಎಂದು ನಮಗೆ ಯಾರು ಹೇಳಿಕೊಟ್ಟಿದ್ದರು? ಮೂವರೂ ಒಬ್ಬರ ಕೈ ಒಬ್ಬರು ಹಿಡಿದು ಕೆಳಗಿಳಿದೆವು. ಬುತ್ತಿಯ ಗಂಟು ಹಗುರಾಗಿತ್ತು.

ಮಂಗಳವಾರ ಬೆಳಿಗ್ಗೆ ಚಿಕ್ಕಮಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಕಸ್ತೂರಿ ಕಪ್ಪಿಗೆ ಕೈ ಚಾಚಿದಳು. ಕೈ ಕಪ್ಪಿನ ಪಕ್ಕ ಟೇಬಲ್ಲಿಗೆ ಬಡಿಯಿತು. ನೀಲಾ ಸುಮ್ಮನೆ ಕಪ್ಪನ್ನು ಅವಳ ಬೆರಳಿಗೆ ತಾಗಿಸಿಟ್ಟಳು. "ಇವತ್ತ ಮಸಿ ಐತೇನ?" ಎಂದು ಕೇಳಿದೆ. "ಸ್ವಲ್ಪ. ನಿನ್ನಿ ಹತ್ತಿದ್ದಕ್ಕ ಇರಬೇಕು. ನೀ ಚಾ ಕುಡಿ" ಎಂದಳು.

ಕಡೂರಿನ ಬಸ್ಸಿನಲ್ಲಿ ಅವಳನ್ನು ಎಡಗಡೆಯ ಕಿಟಕಿಗೆ ಕೂರಿಸಿದೆವು. ಊರು ದಾಟಿತ್ತು. ತಿರುಗಿ ನೋಡಿದೆ. ಇಡೀ ಗಿರಿಸಾಲು ಬಿಸಿಲಿಗೆ ತೊಳೆದಿಟ್ಟ ಹಾಗೆ ನಿಂತಿತ್ತು. ಒಂದು ಚೂರು ಮೋಡವಿಲ್ಲ. ನಿನ್ನೆ ನಾವು ನಿಂತಿದ್ದ ತುದಿ, ಅಲ್ಲಿಂದ ಹೊರಟ ಬೆಟ್ಟದ ಬೆನ್ನು, ನಾವು ನಡೆಯಬೇಕಿದ್ದ ಹಾದಿ, ಎಲ್ಲವೂ.

"ಕಸ್ತೂರಿ, ಕಸ್ತೂರಿ, ಹೊರಗ ನೋಡ! ಗುಡ್ಡ ಕಾಣಾಕತ್ತೈತಿ!"

ಆಕೆ ಗಡಬಡಿಸಿ ಕಿಟಕಿಯ ಸರಳು ಹಿಡಿದಳು. ಕತ್ತು ಹೊರಗೆ ಚಾಚಿದಳು. ಆಮೇಲೆ ಹೌದೆಂಬಂತೆ ತಲೆ ಆಡಿಸಿದಳು.

"ಹೌದ ಹೌದ, ಕಂಡ್ತ ನೋಡ. ಎವ್ವಾ, ಎಷ್ಟ ದೊಡ್ಡದೈತಿ! ನೀವೂ ನೋಡ್ರೆ."

ಬೆಟ್ಟ ನಮ್ಮ ಹಿಂದಿತ್ತು. ಆಕೆಯ ಮುಖ ಮುಂದಕ್ಕೆ ತಿರುಗಿತ್ತು, ರಸ್ತೆ ಬದಿಯ ಒಂದು ಪೆಟ್ರೋಲ್ ಬಂಕಿನ ಕಡೆ. ನೀಲಾ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಹೌದವಾ" ಎಂದೆ ನಾನು, "ಭಾಳ ದೊಡ್ಡದೈತಿ."

ಬಂಕು ದಾಟಿ ಹೋದ ಮೇಲೂ ಕಸ್ತೂರಿ ನಗುಮುಖದಿಂದ ಹೊರಗೆ ನೋಡುತ್ತಲೇ ಇದ್ದಳು.